ಹೊಟ್ಟೆಯಲ್ಲಿ ಕೂತಿದ್ದವಳು

ನನ್ನ ಮಗಳು ಹೊಟ್ಟೆಯೊಳಗೆ ಕೂತಿದ್ದಳು. ದಿನ ತುಂಬುತ್ತ ಬಂದಂತೆ ಬೇರೆ ಕೂಸುಗಳು ತಲೆ ಕೆಳಗೆ ಮಾಡಿ ಹೊರಡುವ ತಯಾರಿ ನಡೆಸುತ್ತವಂತೆ. ಇವಳಿಗೆ ಅಂಥ ಅವಸರವೇ ಇರಲಿಲ್ಲ. ಕಾಲು ಮಡಚಿಕೊಂಡು, ತಲೆಯನ್ನು ನನ್ನ ಬಲಗಡೆಯ ಪಕ್ಕೆಲುಬಿನ ಕೆಳಗೆ ಆನಿಸಿ, ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಕೂತುಬಿಟ್ಟಿದ್ದಳು. ಮುಲುಂಡಿನ ನಮ್ಮ ಡಾಕ್ಟರಮ್ಮ ಎರಡೂ ಕೈಯಿಂದ ಹೊಟ್ಟೆ ಒತ್ತಿ ನೋಡಿ, ನನ್ನ ಕೈಯನ್ನೇ ಹಿಡಿದು ಪಕ್ಕೆಯ ಕೆಳಗಿಟ್ಟು, ಇದು ತಲೆ ಎಂದು ತೋರಿಸಿಕೊಟ್ಟರು. ಗುಂಡಗೆ, ಗಟ್ಟಿಯಾಗಿ ಕೈಗೆ ಸಿಕ್ಕಿತು. ಅಲ್ಲಿಯವರೆಗೆ ನಾನು ಅದನ್ನು ಗ್ಯಾಸು ಎಂದುಕೊಂಡು ಅಜವಾನ ಅಗಿಯುತ್ತಿದ್ದೆ.

ತಾನಾಗಿ ತಿರುಗಿ ತಲೆ ಕೆಳಗೆ ಬಂದರೆ ನಾರ್ಮಲ್ ಹೆರಿಗೆ, ಇಲ್ಲದಿದ್ದರೆ ಸಿಸೇರಿಯನ್, ಕಾಯೋಣ ಎಂದರು ಡಾಕ್ಟರಮ್ಮ. ಇಂಥ ಸ್ಥಿತಿಯಲ್ಲಿ ಧಾರವಾಡದ ತನಕ ಪ್ರಯಾಣ ಬೇಡವೆಂದೂ ಹೇಳಿದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ನಿಜ, ಆದರೆ ನಾನು ತವರಿಗೆ ಹೋಗದಿದ್ದಾಗ ತವರೇ ಟ್ರಂಕು ಹೊತ್ತು ಮುಲುಂಡಿಗೆ ಬಂತು. ನಮ್ಮ ಒಂದು ಖೋಲಿ, ಒಂದು ಅಡುಗೆಮನೆಯ ಸಂಸಾರದೊಳಗೆ ಅವ್ವ ಜಾಗ ಮಾಡಿಕೊಂಡಳು. ಸಿಸೇರಿಯನ್ ಎಂಬ ಮಾತೇ ಅವಳಿಗೆ ಆಗುತ್ತಿರಲಿಲ್ಲ. ಅವಳ ತಂಗಿ ಹಾಗೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಒಳಗೆ ಹೋದವಳು ಹೊರಗೆ ಬಂದಿರಲಿಲ್ಲ. ಹೀಗಾಗಿ ಕೂಸನ್ನು ತಿರುಗಿಸುವ ಕೆಲಸವನ್ನು ಅವ್ವ ಬಂದ ದಿನದಿಂದಲೇ ಕೈಗೆತ್ತಿಕೊಂಡಳು.

"ಮಂಡಿ ಊರಿ ನೆಲಾ ಒರಸು. ಬಗ್ಗಿ ಒರಸಿದ್ರ ಕೂಸು ತಾನ ಹೊರಳತದ."

"ಅವ್ವಾ, ಈ ಖೋಲಿ ಅರ ಎಷ್ಟದ? ಒರಸಿದ್ದನ್ನ ಎಷ್ಟು ಸರ್ತಿ ಒರಸ್ಲಿ?"

"ಎದುರು ಮಾತಾಡಬ್ಯಾಡ. ಒರಸು."

ಒರೆಸುತ್ತಿದ್ದೆ. ನಮ್ಮ ಯಜಮಾನರು ಮಂಚದ ಮೇಲೆ ಕಾಲು ಎತ್ತಿಕೊಂಡು ಪೇಪರು ಓದುತ್ತ, ಬಿಲ್ಡಿಂಗಿನಲ್ಲೇ ನಮ್ಮ ಮನೆ ಸ್ವಚ್ಛ ಎಂದು ಚೇಷ್ಟೆ ಮಾಡುತ್ತಿದ್ದರು.

ಆಗ ನನ್ನ ಕೆಲಸ ಫೋರ್ಟಿನ ಒಂದು ಆಫೀಸಿನಲ್ಲಿ. ರಜೆಯನ್ನೆಲ್ಲ ಕೂಸು ಬಂದ ಮೇಲೆ ಕೂಸಿನ ಜೊತೆ ಕಳೆಯಬೇಕೆಂದು ಉಳಿಸಿಕೊಂಡು, ಅಷ್ಟು ದೊಡ್ಡ ಹೊಟ್ಟೆ ಹೊತ್ತು ವಿ.ಟಿ. ಸ್ಟೇಶನ್ನಿನ ತನಕ ಲೋಕಲ್‌ನಲ್ಲಿ ಓಡಾಡುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ನಮ್ಮದೊಂದು ಗುಂಪಿತ್ತು. ಠಾಣೆಯಲ್ಲಿ ಹತ್ತುವ ಒಬ್ಬ ಮರಾಠಿ ಹೆಂಗಸನ್ನು ನಾವೆಲ್ಲ ಮಾವ್ಶಿ ಎನ್ನುತ್ತಿದ್ದೆವು. ಕಿಟಕಿಯ ಪಕ್ಕ ತನ್ನ ಚೀಲ ಇಟ್ಟು ನನಗಾಗಿ ಸೀಟು ಹಿಡಿದಿರುತ್ತಿದ್ದಳು. ಏಳನೆಯ ತಿಂಗಳಿನಲ್ಲಿ ಡಬ್ಬಿಯಲ್ಲೇ ನನಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಭಾಂಡುಪ್ ದಾಟುವುದರೊಳಗೆ ಕುಬಸದ ಶಾಸ್ತ್ರ ಮುಗಿಸಿದ್ದರು. ಅಂದಿನಿಂದ ನನ್ನ ಹೊಟ್ಟೆ ಸೆಂಟ್ರಲ್ ಲೈನಿನ ಆಸ್ತಿಯಾಯಿತು. ಹತ್ತಿದವಳೆಲ್ಲ ಮೊದಲು ಕೇಳುವುದು, ತಿರುಗಿತೇ? ನಾನು ಇಲ್ಲವೆನ್ನುವುದು, ಅವಳೊಂದು ಉಪಾಯ ಹೇಳುವುದು. ಎಡಕ್ಕೆ ಮಲಗು ಎಂದು ಒಬ್ಬಳು, ಬಲಕ್ಕೆ ಎಂದು ಇನ್ನೊಬ್ಬಳು. ತಲೆ ಚಿಟ್ಟು ಹಿಡಿದು ಒಂದು ದಿನ, ನೀವೇ ಒಳಗೆ ಹೋಗಿ ತಿರುಗಿಸಿ ಬನ್ನಿ ಎಂದುಬಿಟ್ಟೆ. ಯಾರಿಗೂ ಬೇಸರವಾಗಲಿಲ್ಲ, ನಕ್ಕರು.

ಮಾವ್ಶಿಯೊಬ್ಬಳೇ ತಿರುಗುವುದು ಬೇಡ ಎನ್ನುತ್ತಿದ್ದಳು. ಕಾಲು ಮುಂದೆ ಮಾಡಿ ಹುಟ್ಟಿದವರನ್ನು ಮರಾಠಿಯಲ್ಲಿ ಪಾಯಾಳು ಎನ್ನುತ್ತಾರೆ. ಅಂಥವರು ಕಾಲು ಸೋಕಿಸಿದರೆ ಉಳುಕಿದ ಸೊಂಟ ನೆಟ್ಟಗಾಗುತ್ತದೆಂಬ ಮಾತು ನಮ್ಮ ಕಡೆಯೂ ಉಂಟು. ಮಾವ್ಶಿಗೆ ಸೊಂಟನೋವು. ಔಷಧಿ, ಎಣ್ಣೆ, ಬೆಲ್ಟು ಎಲ್ಲ ಮಾಡಿ ಸೋತಿದ್ದಳು.

"ರಾಹೂ ದೇ ಗಂ," ಇರಲಿ ಬಿಡೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದಳು. "ತಸಂಚ್ ಬಸೂ ದೇ." ಹಾಗೇ ಕೂತಿರಲಿ. ಹುಟ್ಟಿದ ಮೇಲೆ ಮೊದಲ ಒದೆ ತನ್ನ ಸೊಂಟಕ್ಕೇ ಬೀಳಬೇಕೆಂದು ಮುಂಗಡ ಹೇಳಿಟ್ಟಿದ್ದಳು.

ನಾನು ಯಾರಿಗೂ ಹೇಳದ ಮಾತೊಂದಿತ್ತು. ಡಾಕ್ಟರಮ್ಮ ಕೈ ಹಿಡಿದು ತೋರಿಸಿದ ದಿನದಿಂದ ನನಗೆ ಆ ತಲೆಯ ಹುಚ್ಚು ಹಿಡಿದಿತ್ತು. ಕಿಟಕಿಯ ಪಕ್ಕ ಕೂತು, ಸೆರಗು ಮುಚ್ಚಿ, ಬಲಗೈಯನ್ನು ಪಕ್ಕೆಯ ಕೆಳಗಿಟ್ಟು ಮೆಲ್ಲಗೆ ಸವರುತ್ತಿದ್ದೆ. ತಲೆ ಕೆಳಗಾದ ಕೂಸಿನ ತಾಯಿಗೆ ಸಿಗುವುದು ಕಾಲೋ ಕುಂಡಿಯೋ ಅಷ್ಟೇ. ನನಗೆ ತಲೆ ಸಿಕ್ಕಿತ್ತು. ಸವರಿದರೆ ಅಲ್ಲಿ ಅಲುಗಾಟ ನಿಲ್ಲುತ್ತಿತ್ತು. ಕೇಳಿಸಿಕೊಳ್ಳುತ್ತಿದೆ ಎಂದುಕೊಳ್ಳುತ್ತಿದ್ದೆ. ಸವರುತ್ತಲೇ ಬಯ್ಯುತ್ತಲೂ ಇದ್ದೆ. ಏನ್ ಧಾಡಿ ಆಗೇದ ನಿನಗ, ಹೊರಳಬಾರದೇನು, ನಿಮ್ಮಜ್ಜಿ ನನ್ನ ಮಂಡಿ ಸವೆಸಾಕತ್ಯಾಳ.

ಒಂದು ಸಂಜೆ ಕೆಲಸ ಮುಗಿಸಿ ಬರುವಾಗ, ಗಾಡಿ ಕುರ್ಲಾ ಬಿಟ್ಟಿತ್ತಷ್ಟೇ, ಹೊಟ್ಟೆಯೊಳಗೆ ಏನೋ ದೊಡ್ಡದು ಹೊರಳಿತು. ಉಸಿರು ಸಿಕ್ಕಿಕೊಂಡಿತು. ಸೀರೆಯ ಮೇಲಿಂದಲೇ ಕಾಣುವಂತೆ ಹೊಟ್ಟೆ ಒಂದು ಮಗ್ಗುಲಿಗೆ ಉಬ್ಬಿ, ಇನ್ನೊಂದು ಮಗ್ಗುಲಿಗೆ ಜಾರಿತು. ಮಾವ್ಶಿ ಅಂಗೈ ಊರಿ ನೋಡಿದಳು.

"ಫಿರ್ಲಂ," ಎಂದಳು. "ಬಾಳ ಫಿರ್ಲಂ."

ಕೂಸು ತಿರುಗಿತ್ತು. ಸುದ್ದಿ ಆ ತುದಿಯ ಬಾಗಿಲಿನವರೆಗೂ ಹೋಯಿತು. ನಿಂತವರು ಕೂತವರ ತಲೆಯ ಮೇಲಿಂದ ಕೈ ಚಾಚಿ ನನ್ನ ಹೊಟ್ಟೆ ಮುಟ್ಟಿದರು. ತನ್ನ ಸೊಂಟದ ಗತಿ ಇನ್ನೇನು ಎಂದು ಮಾವ್ಶಿ ಸುಳ್ಳು ಸುಳ್ಳೇ ಹಣೆ ಚಚ್ಚಿಕೊಂಡಳು. ನಾನೂ ಎಲ್ಲರೊಡನೆ ನಕ್ಕೆ. ನಗುತ್ತಲೇ ಬಲಗೈ ಪಕ್ಕೆಯ ಕೆಳಗೆ ಹೋಯಿತು. ಅಲ್ಲಿ ಮೆತ್ತಗಿತ್ತು. ಕೈಗೆ ಏನೂ ಸಿಗಲಿಲ್ಲ.

ಮರುದಿನ ಡಾಕ್ಟರಮ್ಮನೂ ಖಾತ್ರಿ ಮಾಡಿದರು. ತಲೆ ಕೆಳಗೆ, ಎದೆಬಡಿತ ಚೆನ್ನಾಗಿದೆ, ಇನ್ನು ಚಿಂತೆಯಿಲ್ಲ. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿ, ಗೋದಿ ಹುಗ್ಗಿ ಮಾಡಿದಳು. ಕೂಸು ಹುಟ್ಟಿದಾಗ ಹಂಚಲೆಂದು ಧಾರವಾಡದಿಂದ ತಂದಿದ್ದ ಪೇಡೆಯ ಡಬ್ಬಿಯನ್ನು ಟ್ರಂಕಿನಿಂದ ತೆಗೆದಳು.

"ಅಲ್ಲೀತನಕ ಇಟ್ರ ಕೆಡತಾವ. ನಿನ್ನ ಗಾಡ್ಯಾಗಿನವ್ರಿಗೆ ಕೊಟ್ಟುಬಿಡು. ಅವ್ರೂ ಭಾಳ ಹಚಗೊಂಡಾರ."

ಗಾಡಿಯಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಘಾಟ್ಕೋಪರ್‌ನಲ್ಲಿ ಹತ್ತುವ ಗುಜರಾತಿ ಹೆಂಗಸು, ನಮ್ಮೆಲ್ಲರ ಬೆನ್, ಎರಡು ತಿಂದಳು. ಮಗಳ ಮದುವೆಗೆಂದು ಅವಳು ಮರುದಿನವೇ ಊರಿಗೆ ಹೊರಟಿದ್ದಳು, ಬರುವಷ್ಟರಲ್ಲಿ ಕೂಸು ಹುಟ್ಟಿರುತ್ತದೆ, ನೋಡಲು ಮನೆಗೇ ಬರುತ್ತೇನೆ ಎಂದಳು.

ಆಮೇಲೆ ಹೊಟ್ಟೆ ಶಾಂತವಾಯಿತು. ಒದೆತ ಕಡಿಮೆಯಾಯಿತು. ಅವ್ವನನ್ನು ಕೇಳಿದೆ.

"ತಲಿ ಕೆಳಗ ಬಂದ ಮ್ಯಾಲೆ ಹಂಗ," ಎಂದಳು ಅವ್ವ. "ಒದ್ಯಾಡಾಕ ಜಾಗಾ ಎಲ್ಲದ ಅದಕ್ಕ? ಸುಮ್ನ ಹೊರಡೂ ಹಾದಿ ನೋಡತದ."

ಮಾವ್ಶಿಯೂ ಅದನ್ನೇ ಹೇಳಿದಳು. ಹೆತ್ತವರ ಮಾತು, ನಂಬಿದೆ. ಮರುದಿನ ಬೆಳಿಗ್ಗೆ ಎದ್ದಾಗ ಇದ್ದಷ್ಟು ಅಲುಗಾಟವೂ ಇರಲಿಲ್ಲ. ಆಫೀಸಿಗೆ ಹೋಗದೆ ಡಾಕ್ಟರಮ್ಮನ ಬಳಿ ಹೋದೆ. ಅವರು ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟರು. ಸರಿಸಿ ಇಟ್ಟರು. ಮತ್ತೆ ಸರಿಸಿದರು. ಹೊರಗೆ ತರಕಾರಿ ಮಾರುವವನ ಕೂಗು ಕೇಳಿಸುತ್ತಿತ್ತು, ಅವರು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಇನ್ನೊಮ್ಮೆ ಇಟ್ಟರು. ಅವರು ಕಿಟಕಿ ಮುಚ್ಚಲು ಎದ್ದಾಗಲೇ ನನಗೆ ತಿಳಿಯಿತು.

ಸತ್ತ ಕೂಸನ್ನೂ ಹೆರಬೇಕು. ಅದು ನನಗೆ ಗೊತ್ತಿರಲಿಲ್ಲ. ಸೂಜಿ ಚುಚ್ಚಿ ನೋವು ಬರಿಸಿದರು. ನೋವಿನಲ್ಲಿ ಏನೂ ರಿಯಾಯಿತಿ ಇರಲಿಲ್ಲ. ತಲೆ ಕೆಳಗಿತ್ತು, ಹೊಟ್ಟೆ ಕೊಯ್ಯಬೇಕಾಗಲಿಲ್ಲ. ಸುಸೂತ್ರವಾಗಿ ಆಯಿತು. ಹೊರಗೆ ಬಂದದ್ದನ್ನು ನನಗೆ ತೋರಿಸಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ. ನೋಡದಿದ್ದರೆ ಮರೆಯುತ್ತಾರೇನು? ನಮ್ಮ ಯಜಮಾನರು ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಹೆಣ್ಣು ಎಂದಷ್ಟೇ ಹೇಳಿ ನನ್ನ ಕಾಲಬುಡದಲ್ಲಿ ಕೂತರು.

ಹೊಕ್ಕುಳ ಬಳ್ಳಿ ಕೊರಳಿಗೆ ಬಿಗಿದಿತ್ತಂತೆ. ತಿರುಗಿದ್ದರಿಂದಲೇ ಹೀಗಾಯಿತೇ ಎಂದು ಕೇಳಿದೆ. ಹಾಗೆ ಹೇಳಲಾಗದು ಎಂದರು ಡಾಕ್ಟರಮ್ಮ. ದಿನಾ ಎಷ್ಟೋ ಕೂಸುಗಳು ತಿರುಗುತ್ತವೆ, ಎಷ್ಟೋ ಕೂಸುಗಳ ಕೊರಳಿಗೆ ಬಳ್ಳಿ ಸುತ್ತಿರುತ್ತದೆ, ಚೆನ್ನಾಗಿಯೇ ಹುಟ್ಟುತ್ತವೆ, ಇದರಲ್ಲಿ ಯಾರದೂ ತಪ್ಪಿಲ್ಲ. ಸರಿಯಾದ ಮಾತೇ ಇರಬೇಕು. ಆದರೆ ಹೊರಳು ಹೊರಳು ಎಂದು ಬಯ್ದವಳು ನಾನು. ಹೇಳಿದ ಮಾತು ಕೇಳಿದಳು ನನ್ನ ಮಗಳು.

ಅವ್ವ ನನಗೆ ಬಾಣಂತನ ಮಾಡಿದಳು. ಎಣ್ಣೆ ಹಚ್ಚಿ, ಸುಡುನೀರು ಹಾಕಿ, ಕಿವಿಗೆ ಅರಳೆ ತುರುಕಿ, ಹಾಲು ಕಟ್ಟಿದ ಎದೆಗೆ ಬಟ್ಟೆ ಬಿಗಿದು ಕೂರಿಸಿದಳು. ಒಂದು ದಿನ ರೇಗಿದೆ. ಕೂಸಿಲ್ಲದ ಬಾಣಂತಿಗೆ ಇದೆಲ್ಲ ಯಾತಕ್ಕ ಬೇಕು ಎಂದೆ.

"ಕೂಸಿಲ್ಲಂತ ನಿನ್ನ ಮೈಗೆ ಏನ್ ಗೊತ್ತದ?" ಎಂದಳು ಅವ್ವ. "ಸುಮ್ನ ಕೂಡು."

ಉಳಿಸಿಟ್ಟ ರಜೆಯನ್ನು ಏನು ಮಾಡುವುದೆಂದು ತಿಳಿಯದೆ, ಮೈ ಕೂಡಿದ ಮೇಲೆ ಕೆಲಸಕ್ಕೆ ಹೊರಟೆ. ಲೋಕಲ್ ಮುಲುಂಡಿಗೆ ಬಂದು ನಿಂತಾಗ ಕಿಟಕಿಯ ಪಕ್ಕ ಮಾವ್ಶಿಯ ಚೀಲ ಇತ್ತು. ಚೀಲ ಎತ್ತಿದಳು, ಕೂತೆ. ಸುದ್ದಿ ಅವರಿಗೆಲ್ಲ ಮೊದಲೇ ಮುಟ್ಟಿತ್ತು, ಯಾರೂ ಏನೂ ಕೇಳಲಿಲ್ಲ. ಒಬ್ಬಳು ಅವರೆಕಾಯಿ ಸುಲಿಯಲು ನನ್ನ ಉಡಿಗೂ ಒಂದಿಷ್ಟು ಸುರಿದಳು. ಮಾವ್ಶಿ ಒಂದು ಕೈ ಸೊಂಟಕ್ಕೆ ಒತ್ತಿಕೊಂಡೇ ಕೂತಿದ್ದಳು, ಆದರೆ ಸೊಂಟದ ಮಾತು ತೆಗೆಯಲಿಲ್ಲ. ಆಮೇಲೂ ನನ್ನೆದುರು ಎಂದೂ ತೆಗೆಯಲಿಲ್ಲ.

ಘಾಟ್ಕೋಪರ್‌ನಲ್ಲಿ ಬೆನ್ ಹತ್ತಿದಳು. ಊರಿನಿಂದ ಹಿಂದಿನ ದಿನವಷ್ಟೇ ಬಂದಿದ್ದಳು. ಜನರನ್ನು ಸರಿಸಿಕೊಂಡು ನನ್ನ ಎದುರಿಗೇ ಬಂದು ನಿಂತಳು.

"ಅರೇ, ಆ ಗಯೀ ತೂ? ಬಾಬಾ ಕಿ ಬೇಬಿ?" ಗಂಡೋ ಹೆಣ್ಣೋ ಎಂದು.

"ಬೇಬಿ," ಎಂದೆ.

"ನಾರ್ಮಲ್ ಹುವಾ ನಾ?"

"ಹಾಂ. ನಾರ್ಮಲ್."

"ಬಸ್, ಔರ್ ಕ್ಯಾ ಚಾಹಿಯೇ," ಎಂದು ಬೆನ್ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. "ಕಿಸ್ಕೇ ಜೈಸೀ ಹೈ? ತೇರೇ ಜೈಸೀ?"

ಯಾರ ಹಾಗಿದ್ದಾಳೆ ಎಂದರೆ ನಾನೇನು ಹೇಳಲಿ, ನಾನು ನೋಡಿರಲಿಲ್ಲ. ಮಾವ್ಶಿ ಎದ್ದು ಬೆನ್‌ನ ಕೈ ಹಿಡಿದು ಬಾಗಿಲ ಕಡೆ ಕರೆದುಕೊಂಡು ಹೋದಳು. ನಾನು ಅವರೆಕಾಯಿ ಸುಲಿದೆ.

ಸಂಜೆ ಮನೆಗೆ ಬಂದಾಗ ಅವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಚಪ್ಪಲಿ ಬಿಟ್ಟು ಅವಳೆದುರು ಕೂತೆ.

"ಅವ್ವಾ, ಕೂಸು ಯಾರ ಹಂಗಿತ್ತು?"

ಅವ್ವ ಇನ್ನೊಂದು ಕಟ್ಟು ಬಿಚ್ಚಿ ಹರವಿದಳು.

"ಮಾರಿ ನೋಡೂ ಧೈರ್ಯ ಆಗಲಿಲ್ಲವಾ ನನಗ," ಎಂದಳು. "ಬಟ್ಟಿ ಸುತ್ತೂ ಮುಂದ ತಲಿ ಕಂಡಿತು. ತಲಿ ತುಂಬ ಕೂದಲ ಇತ್ತು. ಕರ್ರಗ, ಇಷ್ಟುದ್ದ." ಒಂದು ಮೆಂತ್ಯದ ದಂಟಿನ ಮೇಲೆ ಬೆರಳಿಟ್ಟು ತೋರಿಸಿದಳು.

ಅವಳು ಕೂತಿದ್ದಷ್ಟು ದಿನವೂ ಆ ಕೂದಲಿನ ಮೇಲೆಯೇ ನನ್ನ ಕೈ ಆಡಿತ್ತು, ಮುಲುಂಡಿನಿಂದ ವಿ.ಟಿ.ಯವರೆಗೆ, ವಿ.ಟಿ.ಯಿಂದ ಮುಲುಂಡಿನವರೆಗೆ. ನನಗೆ ಗೊತ್ತಿರಲಿಲ್ಲ.