ಆಯಿ ಕಿತ್ತ ಕಸ

ಹುಲ್ಲು ಎಣಿಸುವುದಕ್ಕೂ ಒಂದು ಡಿಗ್ರಿ ಇದೆ ಎಂದರೆ ನಮ್ಮ ದೊಡವಾಡದಲ್ಲಿ ಯಾರೂ ನಂಬಲಿಲ್ಲ. ಪಶುವಿಜ್ಞಾನದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ ಎಂದಾಗ ಮನೆಮಂದಿ ನಾನು ದನದ ಡಾಕ್ಟರಾಗುತ್ತೇನೆ ಎಂದುಕೊಂಡಿದ್ದರು. ನಾನು ಆರಿಸಿಕೊಂಡಿದ್ದು ದನವನ್ನಲ್ಲ, ದನ ಮೇಯುವ ನೆಲವನ್ನು. ಸಿರಸಂಗಿಯ ಆಚೆ, ಊರ ದನಕರುಗಳಿಗೆಂದು ಬಿಟ್ಟ ಗಾಯರಾಣದಲ್ಲಿ, ಆರು ಕಡೆ ಮಂಚದಗಲದ ಜಾಗಕ್ಕೆ ತಂತಿಬೇಲಿ ಹಾಕಿದ್ದೆ. ದನದ ಬಾಯಿ ತಾಗದಿದ್ದರೆ ಆ ಬೋಳು ನೆಲದಲ್ಲಿ ಯಾವ್ಯಾವ ಗಿಡ ಮರಳಿ ಬರುತ್ತದೆ ಎಂದು ಮಳೆಗಾಲ ಮುಗಿಯುವವರೆಗೆ ಎಣಿಸಿ ಬರೆಯುವುದು ನನ್ನ ಕೆಲಸ.

ಹಿಂದಿನ ವರ್ಷ ಆಡುಗಳು ಬೇಲಿ ಹಾರಿ ಎಲ್ಲವನ್ನೂ ಮೇಯ್ದು ಹೋಗಿದ್ದವು. "ಈ ಸಲಾನೂ ಕೈಕೊಟ್ರ ವಿಷಯ ಬದಲ ಮಾಡ್ರಿ. ಕಾಲೇಜಿನ ಶೆಡ್ಡಿನ್ಯಾಗ ಕುಂತು ಹಿಂಡಿ ತೂಗೂದು ಐತಿ" ಎಂದು ಗೈಡ್ ಸರ್ ಹೇಳಿಬಿಟ್ಟಿದ್ದರು. ನನಗೂ ಹಟ ಬಂತು. ಈ ಸಲ ಬೇಲಿಯನ್ನು ನನ್ನೆತ್ತರಕ್ಕೆ ಬಿಗಿದು, ಒಳಹೋಗಲು ಸಣ್ಣದೊಂದು ಬಾಗಿಲಿಟ್ಟೆ. ತಂತಿ ಚುಚ್ಚಿ ಅಂಗೈ ಹರಿಯಿತು, ಬಿಡಲಿಲ್ಲ.

ಗಾಯರಾಣದ ಬದುವಿಗೇ ಒಬ್ಬ ಮುದುಕಿಯ ಹೊಲ. ನಾನು ಆಯಿ ಅನ್ನುತ್ತಿದ್ದೆ. ಮಧ್ಯಾಹ್ನ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಡದೆ ಉಣ್ಣುತ್ತಿರಲಿಲ್ಲ. ಪರೀಕ್ಷೆಗೆಂದು ಎರಡು ವಾರ ಹೋಗುವಾಗ "ಆಯಿ, ಸ್ವಲ್ಪ ಲಕ್ಷ್ಯ ಇಡ್ರಿ" ಎಂದು ಹೇಳಿ ಬಸ್ಸು ಹತ್ತಿದ್ದೆ.

ಮರಳಿ ಬಂದಾಗ ಆಕೆ ಬದುವಿನ ಮೇಲೇ ನಿಂತಿದ್ದಳು. "ಬಾ ತಂಗಿ, ನಿನ್ನ ಹೊಲ ಹೆಂಗ ಹಸನ ಮಾಡೇನಿ ನೋಡ ಬಾ."

ಆರರಲ್ಲಿ ನಾಲ್ಕು ಬೇಲಿಯೊಳಗೆ ಎಮ್ಮೆ ತಿನ್ನುವ ಹುಲ್ಲೊಂದನ್ನು ಬಿಟ್ಟು ಉಳಿದದ್ದೆಲ್ಲ ಕಿತ್ತು ಹೋಗಿತ್ತು. ಮಂಡಿನೋವಿನ ಆ ಜೀವ ಎರಡು ದಿನ ಕುಕ್ಕರಗಾಲಲ್ಲಿ ಕೂತು, ಕಳೆ ಕೀಳುವ ಕುರ್ಚಿಗಿ ಹಿಡಿದು, ಒಂದೂ ಬಿಡದಂತೆ ಕಸ ತೆಗೆದಿತ್ತು. ಬಿಸಿಲೇರಿದ್ದರಿಂದ ಇನ್ನೆರಡು ಉಳಿದವಂತೆ.

ನನ್ನ ಬಾಯಿಗೆ ಬ್ರೇಕು ಮೊದಲೇ ಕಡಿಮೆ. "ನಿಮಗ ಯಾರು ಹೇಳಿದ್ರು ಕಸ ತಗೀರಿ ಅಂತ? ನನ್ನ ವರ್ಷಾನ ಕಿತ್ತ ಒಗದ್ರಿ" ಎಂದು ಗಾಯರಾಣಕ್ಕೆಲ್ಲ ಕೇಳುವಂತೆ ಕೂಗಾಡಿದೆ. ಇನ್ನೂ ಏನೇನೋ ಅಂದೆ. ಆಕೆಯ ಮುಖ ಸಣ್ಣದಾಯಿತು.

"ಲಕ್ಷ್ಯ ಇಡ್ರಿ ಅಂದ್ರ ಕಸ ಬೆಳಸ್ರಿ ಅಂತೇನ ಯವ್ವಾ? ನನಗ ಹೆಂಗ ತಿಳೀಬೇಕು?"

ಹೊಲ ನೋಡಿಕೊಳ್ಳಿ ಎಂದರೆ ನಮ್ಮ ಕಡೆ ಯಾವ ಹೆಣ್ಣುಮಗಳಾದರೂ ಮಾಡುವುದು ಅದನ್ನೇ. ಕಸವೇ ನನ್ನ ಬೆಳೆ ಎಂದು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ರೊಟ್ಟಿ ಮಾತ್ರ ತಿಂದಿದ್ದೆ.

ಅತ್ತು ಮುಗಿದ ಮೇಲೆ ಕಸದ ಗುಂಪಿಗಳು ಕಣ್ಣಿಗೆ ಬಿದ್ದವು. ಕಿತ್ತದ್ದನ್ನು ಆಕೆ ಆಯಾ ಬೇಲಿಯ ಹೊರಗೇ ಬೇರೆ ಬೇರೆ ಒಟ್ಟಿದ್ದಳು, ಎಲ್ಲವೂ ಬೇರುಸಹಿತ. ನಾನು ಪುಸ್ತಕ ತೆರೆದು ಮೊದಲ ಗುಂಪಿಯ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಆಕೆಯೂ ಬಂದು ಎದುರಿಗೆ ಕೂತಳು. ಒಣಗಿ ಗುರುತು ಸಿಗದ ಗಿಡಗಳನ್ನು ಬೆರಳಲ್ಲಿ ಹೊಸಕಿ ಮೂಸಿ ಹೆಸರು ಹೇಳತೊಡಗಿದಳು. ಇದು ತುಂಬಿ, ಇದು ಉತ್ತರಾಣಿ, ಇದನ್ನು ಎಮ್ಮೆ ತಿಂದರೆ ಹಾಲು ನಾರುತ್ತದೆ. ಉಗುರಿನಷ್ಟು ಸಣ್ಣ ಎಲೆಯ ಬಳ್ಳಿಯೊಂದು ನಾನು ಎಷ್ಟು ಸಲ ಬಗ್ಗಿ ಎಣಿಸಿದರೂ ಕಂಡಿರಲಿಲ್ಲ. ಅದು ಆಕೆಯ ನಾಲ್ಕೂ ಗುಂಪಿಯಲ್ಲಿತ್ತು.

ಗೈಡ್ ಸರ್ ಫೋನಿನಲ್ಲಿ "ಆ ನಾಲ್ಕು ಬಿಡ್ರಿ, ವಿಷಯ ಬದಲ ಮಾಡ್ರಿ" ಎಂದರು. ಬಿಡುವುದಿಲ್ಲ ಎಂದೆ. ಮುಟ್ಟದ ಎರಡು ಜಾಗ, ಕಸ ಕಿತ್ತ ನಾಲ್ಕು ಜಾಗ, ಕಿತ್ತ ಮೇಲೂ ಏನು ಮರಳಿ ಬರುತ್ತದೆ ನೋಡೋಣ ಎಂದು ವಾದಿಸಿದೆ. ಅವರು ಒಪ್ಪುವವರೆಗೆ ಫೋನು ಇಡಲಿಲ್ಲ. ಮಳೆಗಾಲ ಮುಗಿಯುವವರೆಗೆ ವಾರವಾರವೂ ಹೋಗಿ ಎಣಿಸಿದೆ.

ಪ್ರಬಂಧ ಬರೆಯುವಾಗ ಸರ್ "ಕಸ ತೆಗೆಯಲಾಯಿತು ಅಂತ ಬರೀರಿ, ಸಾಕು" ಎಂದರು. ಪಕ್ಕದ ಹೊಲದ ರೈತ ಮಹಿಳೆಯೊಬ್ಬರು ಸಹಾಯವೆಂದು ತಿಳಿದು ತೆಗೆದರು, ಸರಿಯಾಗಿ ಹೇಳದಿದ್ದದ್ದು ಸಂಶೋಧಕಿಯ ತಪ್ಪು ಎಂದು ನಾನು ಬರೆದೆ. ಅವರು ಹೊಡೆದು ಹಾಕಿದರು. ಮತ್ತೆ ಬರೆದೆ. ಮೂರನೆಯ ಸಲ ಬಿಟ್ಟರು.

ಡಿಗ್ರಿ ಬಂತು. ರಟ್ಟು ಹಾಕಿಸಿದ ಪ್ರಬಂಧ ಹಿಡಿದು, ದೊಡ್ಡ ಸಾಧನೆ ಮಾಡಿದವಳ ಹಾಗೆ ಆಯಿಯ ಮನೆಗೆ ಹೋದೆ. ಆಕೆಗೆ ಓದಲು ಬಾರದು. ಆ ಸಾಲನ್ನು ಕನ್ನಡ ಮಾಡಿ ಓದಿದೆ. ಇನ್ನೊಮ್ಮೆ ಓದಿಸಿದಳು. ಪುಟದ ಮೇಲೆ ಅಂಗೈ ಆಡಿಸಿ ಕೇಳಿದಳು:

"ಚಲೋ ಬರದಿ ತಂಗಿ. ಆವತ್ತ ನನಗ ಬೈದಿಯಲ್ಲಾ, ಅದನ್ನೂ ಬರದೀಯೇನ?"

"ಇಲ್ಲ ಆಯಿ" ಎಂದೆ.