ಕಿವಿ ಮೇಸ್ತ್ರಿ ಗಟ್ಟಿ ಎಂದ ಛಾವಣಿ

ಬೆಂಕಿ ಬಿದ್ದ ಮನೆಯಾಗಲಿ, ನೀರು ನುಗ್ಗಿದ ಮನೆಯಾಗಲಿ, ರಿಪೇರಿಗೆ ನಮ್ಮ ಬೀದಿಯವರು ಮೊದಲು ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿಯನ್ನು. ಆತ ಗೋಡೆ, ಛಾವಣಿಗಳನ್ನು ಕರಣೆಯ ಹಿಡಿಯಿಂದ ಕುಟ್ಟಿ, ತಲೆ ಓರೆಮಾಡಿ ಕೇಳುತ್ತಿದ್ದ. 'ಟಣ್' ಎಂದರೆ ಗಾರೆ ಗಟ್ಟಿ. 'ಡಬ್' ಎಂದರೆ ಒಳಗೆ ಬಿಟ್ಟುಕೊಂಡಿದೆ, ಇವತ್ತಲ್ಲ ನಾಳೆ ಯಾರದೋ ತಲೆಯ ಮೇಲೆ. ನಡುವೆ ಯಾರಾದರೂ ಕೆಮ್ಮಿದರೆ ದೊಡ್ಡ ಡಾಕ್ಟರಂತೆ ಬೆರಳೆತ್ತುತ್ತಿದ್ದ. ಹೋದ ವರ್ಷ ನಮ್ಮ ಮನೆಯ ಪೈಪು ಒಡೆದಾಗ ನಾನೂ ಆ ಬೆರಳಿಗೆ ಹೆದರಿ ಸೀನು ನುಂಗಿದವನೇ.

ಪಕ್ಕದ ಹೆಡ್‌ಮಾಸ್ಟರ ಮನೆಯಲ್ಲಿ ಗ್ಯಾಸ್ ಸೋರಿ ಅಡುಗೆಮನೆ ಸುಟ್ಟಿತು. ಅದನ್ನು ಮೇಸ್ತ್ರಿ ಪೂರ್ತಿ ಕೆಡವಿ ಕಟ್ಟಿದ. ಹೊಗೆ ಹಿಡಿದ ಪಕ್ಕದ ಕೋಣೆಯ ಛಾವಣಿಯನ್ನು ಕುಟ್ಟಿ, "ಗಟ್ಟಿ ಇದೆ ಸಾರ್" ಎಂದ. ಬಣ್ಣವಾಯಿತು. ಹೆಡ್‌ಮಾಸ್ಟರ ತಾಯಿಯ ಮಂಚ ಮತ್ತೆ ಅಲ್ಲಿಗೇ ಬಂತು.

ಮೂರು ದಿನದ ಮೇಲೆ ಮೇಸ್ತ್ರಿಯ ಹೆಂಡತಿ ಅವನ ಭುಜ ಅಲುಗಾಡಿಸಿದಳು. "ರೀ, ಕುಕ್ಕರ್ ಆರು ಸಲ ಕೂಗ್ತು! ಪಕ್ಕದಲ್ಲೇ ಕಲ್ಲು ಹಂಗೆ ಕೂತಿದೀರಲ್ಲ?"

"ಕೂಗಿದ್ರೆ ನಂಗೆ ಕೇಳ್ತಿರಲಿಲ್ವೇನೇ?"

ಅಂದವನೇ ಕಿವಿಯ ಬಳಿ ಚಿಟಿಕೆ ಹೊಡೆದು ನೋಡಿದ. ಒಂದು ಕಿವಿಗೆ ಏನೂ ಇಲ್ಲ, ಇನ್ನೊಂದಕ್ಕೆ ಎಲ್ಲೋ ದೂರದಲ್ಲಿ. ಇತ್ತೀಚೆಗೆ ಎಲ್ಲ ಗೋಡೆಗಳೂ ಒಂದೇ ಸದ್ದು ಕೊಡುತ್ತಿದ್ದವು. ಸಿಮೆಂಟು ಸುಧಾರಿಸಿದೆ ಅಂದುಕೊಂಡಿದ್ದ, ಪಾಪ. ಹೆಡ್‌ಮಾಸ್ಟರ ಮನೆಯ ಅಜ್ಜಿಯ ಮಂಚ ಕಣ್ಣಮುಂದೆ ಬಂತು. ಹೆಂಡತಿಯನ್ನು ಎಳೆದುಕೊಂಡೇ ಅವರ ಗೇಟಿಗೆ ಓಡಿಬಂದ.

"ಸಾರ್, ಅಜ್ಜೀನ ಎಬ್ಬಿಸಿ!"

"ಅಮ್ಮ ಊಟ ಮಾಡಿ ಈಗ ತಾನೇ ಮಲಗಿದಾರೆ. ನೀನೇ ಗಟ್ಟಿ ಅಂದಿದೀಯ. ಹೊಸ ಬಣ್ಣ ಬೇರೆ. ಎಲ್ಲಕ್ಕೂ ಒಂದು ಶಿಸ್ತು ಬೇಡವೇನಯ್ಯಾ?"

ಮೇಸ್ತ್ರಿ ಗೇಟು ಹಿಡಿದುಕೊಂಡ. ಕಾಂಪೌಂಡಿನಾಚೆ ನಾವು ನಾಲ್ಕೈದು ಜನ ಕತ್ತು ಚಾಚಿದ್ದೆವು. "ಸಾರ್... ನಂಗೆ ಕಿವಿ ಕೇಳಲ್ಲ."

ಹೆಡ್‌ಮಾಸ್ಟರು ಒಳಗೆ ಓಡಿದರು. "ಮೊನ್ನೆ ಬೆಂಕಿ, ಇವತ್ತು ಇವನು" ಎಂದು ಗೊಣಗುತ್ತ ಅಜ್ಜಿ ನಡುಮನೆಗೆ ಬಂದರು. ಮೇಸ್ತ್ರಿ ಕೋಣೆಯಲ್ಲಿ ಸ್ಟೂಲು ಹತ್ತಿ ಛಾವಣಿ ಕುಟ್ಟುತ್ತ ಹೋದ. ಹೆಂಡತಿ ಬಾಗಿಲಲ್ಲಿ ಕಣ್ಣುಮುಚ್ಚಿ ಕೇಳುತ್ತಿದ್ದಳು. ಒಮ್ಮೆಗೇ 'ಡಬ್' ಕೇಳಿ ಕಣ್ಣು ತೆರೆದಳು.

"ಇಳೀರಿ!"

"ಏನಂದೆ?"

ಅವಳು ನುಗ್ಗಿ ಅಂಗಿ ಹಿಡಿದೆಳೆದಳು. ಬಾಗಿಲಗಲದ ಗಾರೆಯ ಚಕ್ಕೆ ಕಳಚಿ ದಬ್ಬೆಂದು ದಿಂಬಿನ ಮೇಲೆ ಬಿತ್ತು. ಆ ಸದ್ದು ಮೇಸ್ತ್ರಿಗೂ ಕೇಳಿಸಿತು.

ಧೂಳು ಅಡಗುವಷ್ಟರಲ್ಲಿ ಅವನು ಬೆರಳು ಮಡಚಿ ಏನೋ ಎಣಿಸುತ್ತಿದ್ದ. "ಯಾರಿಗೂ ಏನೂ ಆಗಲಿಲ್ಲವಲ್ಲಯ್ಯಾ" ಎಂದರು ಹೆಡ್‌ಮಾಸ್ಟರು, ಶಿಸ್ತೆಲ್ಲ ಉಡುಗಿದ ದನಿಯಲ್ಲಿ.

"ಹೋದ ವರ್ಷದಿಂದ ಇನ್ನೂ ಹನ್ನೊಂದು ಮನೆಗೆ ಗಟ್ಟಿ ಅಂದಿದೀನಿ ಸಾರ್."

ಗಂಡಹೆಂಡತಿ ಕರಣೆ ಹಿಡಿದು ಆಗಲೇ ಹೊರಟರು. ಅವರ ಲೆಕ್ಕದಲ್ಲಿ ನನ್ನ ಮನೆ ಮೂರನೆಯದು. ನಾನು ಹೆಂಡತಿ ಮಕ್ಕಳನ್ನು ಅಂಗಳಕ್ಕೆ ಕರೆದು ಕೂರಿಸಿಕೊಂಡು ಕಾದೆ. ಒಳಗೆ ಮೇಜಿನ ಮೇಲಿದ್ದ ಕನ್ನಡಕ ತರಲೂ ಧೈರ್ಯ ಬರಲಿಲ್ಲ.