ಊಟ ಮಾಡದ ಮಗಳೊಂದಿಗೆ ಮೈಸೂರಿಗೆ

ಅರಸೀಕೆರೆಯಿಂದ ಬೆಳಗಿನ ಪ್ಯಾಸೆಂಜರ್ ರೈಲು ಹೊರಟಾಗ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ಹೆಸರು ಚಿನ್ಮಯಿ, ಮನೆಯಲ್ಲಿ ಚಿನ್ನು. ಎರಡೂವರೆ ವರ್ಷ. ಹೆಂಡತಿ ಲತಾ ಹೈಸ್ಕೂಲ್ ಟೀಚರು. ಹತ್ತನೇ ತರಗತಿಯ ಮೌಲ್ಯಮಾಪನಕ್ಕೆ ಹಾಕಿದ್ದರಿಂದ ಅವಳಿಗೆ ರಜೆ ಸಿಗಲಿಲ್ಲ. ಹೀಗಾಗಿ ಮಗಳನ್ನು ಒಬ್ಬನೇ ಕರೆದುಕೊಂಡು ಹೊರಟಿದ್ದೆ. ಊರು ನೋಡುವ ಪ್ರವಾಸವಲ್ಲ ಅದು. ಆರು ತಿಂಗಳಿಂದ ಮಗುವಿನ ತೂಕ ಏರಿರಲಿಲ್ಲ, ರಕ್ತ ತೀರಾ ಕಡಿಮೆಯಿದೆ ಎಂದು ನಮ್ಮೂರಿನ ಡಾಕ್ಟರು ಹೇಳಿ, ಮೈಸೂರಿನ ಲಕ್ಷ್ಮೀಪುರಂನಲ್ಲಿರುವ ಮಕ್ಕಳ ಡಾಕ್ಟರೊಬ್ಬರಿಗೆ ತೋರಿಸಲು ತಿಳಿಸಿದ್ದರು.

ಜೊತೆಗಿದ್ದ ಎರಡು ಚೀಲಗಳಲ್ಲಿ ದೊಡ್ಡದು ಅವಳ ಆಹಾರದ್ದು. ಹಾಲಿನ ಫ್ಲಾಸ್ಕು, ಬಾಟಲಿಗಳು, ಬ್ರೆಡ್ಡು, ಮೊಸರನ್ನದ ಡಬ್ಬಿ. ಚಿನ್ನು ಬಿಳಿಯದನ್ನು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇಡ್ಲಿಯಲ್ಲಿ ಕ್ಯಾರೆಟ್ ತುರಿದು ಹಾಕಿದರೆ ಒಂದೊಂದೇ ಎಳೆಯನ್ನು ಉಗುರಿನಿಂದ ಕಿತ್ತು ಪಕ್ಕಕ್ಕಿಡುತ್ತಿದ್ದಳು. ರಾಗಿ ಸರಿ ಕಂಡರೆ ಬಾಯಿ ಬಿಗಿದುಕೊಳ್ಳುತ್ತಿದ್ದಳು. ಲತಾ ಅವಳ ಮುಂದೆ ಮೊಬೈಲ್ ಹಿಡಿದು ಕೂತರೆ ನಾನು ತುತ್ತು ಹಿಡಿದು ಕಾಯುತ್ತಿದ್ದೆ. ನಮ್ಮ ಮನೆಯ ಊಟದ ಹೊತ್ತೆಂದರೆ ಅದೇ.

ಹೊಳೆನರಸೀಪುರದಲ್ಲಿ ಎದುರಿನ ಸೀಟಿಗೆ ಬಂದ ಹೆಂಗಸೊಬ್ಬರು ಬುತ್ತಿ ಬಿಚ್ಚಿದರು. ಸೌತೆಕಾಯಿಯ ಹೋಳೊಂದನ್ನು ಚಿನ್ನುವಿನ ಕಡೆ ಚಾಚಿದರು. ಅವಳು ನನ್ನ ಅಂಗಿಯಲ್ಲಿ ಮುಖ ಮುಚ್ಚಿಕೊಂಡಳು. ಆಕೆ ಬೇಸರಿಸಿಕೊಳ್ಳದೆ ಹೋಳನ್ನು ತಾವೇ ತಿಂದು, ಮಗುವಿಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಹುಷಾರಾಗಿದ್ದಾಳೆ ಎಂದೆ. ಕೃಷ್ಣರಾಜನಗರ ದಾಟಿ ಸಾಗರಕಟ್ಟೆಯ ಸೇತುವೆ ಬಂದಾಗ ಬೋಗಿಯ ಮಕ್ಕಳೆಲ್ಲ ಕಿಟಕಿಗೆ ಓಡಿದರು. ಬೇಸಿಗೆಯಾದ್ದರಿಂದ ಕನ್ನಂಬಾಡಿಯ ಹಿನ್ನೀರು ಒಳಕ್ಕೆ ಸರಿದು, ಬಯಲಾದ ಕೆಸರಿನ ಮೇಲೆ ದನಗಳು ಮೇಯುತ್ತಿದ್ದವು. ಚಿನ್ನು ತಲೆ ಎತ್ತಿ ನೋಡಿ "ನೀರು" ಎಂದಳು, ಮತ್ತೆ ಮಲಗಿದಳು. ಹುಷಾರಾಗಿರುವ ಮಗು ಹೀಗಿರುವುದಿಲ್ಲ ಎನ್ನುವುದು ಆಗ ನನಗೆ ಸ್ಪಷ್ಟವಾಗಿ ಹೊಳೆಯಿತು.

ಮೈಸೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಆಟೋ ಹಿಡಿದು ಹಿನಕಲ್‌ಗೆ ಹೋದೆವು. ಹೊರಗೆ ಮೇಲ್ಸೇತುವೆ, ಶೋರೂಮುಗಳು. ಒಳಗೆ ತಿರುಗಿದರೆ ಇನ್ನೂ ಹಳ್ಳಿಯದೇ ಬೀದಿಗಳು, ಜಗಲಿಗಳು. ಅಂಥ ಬೀದಿಯೊಂದರಲ್ಲಿ ನನ್ನ ಅಕ್ಕ ಸರ್ವಮಂಗಳಾಳ ಮನೆ. ಮದುವೆಯಾಗಿ ಇಪ್ಪತ್ತು ವರ್ಷ ಅಲ್ಲೇ ಇದ್ದು, ಮಾತೂ ಅಲ್ಲಿಯದೇ ಆಗಿದೆ. ಬಾಗಿಲಲ್ಲೇ ಮಗುವನ್ನು ಎತ್ತಿಕೊಂಡು, "ಏನೋ ಇದು, ಇಷ್ಟು ಬೆಳ್ಳಗಾಗ್ಬುಟ್ಟವ್ಳೆ?" ಎಂದಳು. ಅವರಮ್ಮನ ಬಣ್ಣ ಎಂದೆ.

"ಇದು ಬಣ್ಣ ಅಲ್ಲ ಕಣೋ," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಮೂವರೂ ಲಕ್ಷ್ಮೀಪುರಂಗೆ ಹೋದೆವು. ಹಳೆಯ ಹೆಂಚಿನ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ನೆರಳಿನಲ್ಲಿ ಕಾಯುವವರ ಬೆಂಚು. ಡಾಕ್ಟರು ವಯಸ್ಸಾದ ಹೆಂಗಸು. ಚಿನ್ನುವಿನ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರು, ಉಗುರು ಒತ್ತಿ ನೋಡಿದರು. ಏನೇನು ತಿನ್ನುತ್ತಾಳೆ ಎಂದು ಕೇಳುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಕೇಳಿದ್ದು ಹಾಲಿನ ಬಗ್ಗೆ. ನಾನು ಸಮಾಧಾನದಿಂದಲೇ ಹೇಳಿದೆ: ಎದ್ದ ಕೂಡಲೇ ಒಂದು ಬಾಟಲಿ, ತಿಂಡಿ ಬೇಡವೆಂದರೆ ಒಂದು, ಮಲಗುವ ಮುಂಚೆ, ಎದ್ದ ಮೇಲೆ, ಊಟ ಬಿಟ್ಟರೆ ಮತ್ತೆ. ಹಾಲಾದರೂ ಕುಡಿಯುತ್ತಾಳಲ್ಲ ಎಂಬುದೇ ನಮಗಿದ್ದ ಧೈರ್ಯ.

ಮಣ್ಣು, ಸುಣ್ಣ ಬಾಯಿಗೆ ಹಾಕಿಕೊಳ್ಳುತ್ತಾಳೆಯೇ ಎಂದು ಕೇಳಿದರು. ನನಗೆ ಹಿತ್ತಲ ಗೋಡೆ ನೆನಪಾಯಿತು. ಅದರ ಗಾರೆಯನ್ನು ಅವಳು ಕೆರೆದು ನೆಕ್ಕುವುದನ್ನು ನೋಡಿ ಬರೀ ತುಂಟತನ ಎಂದುಕೊಂಡಿದ್ದೆವು. ಹೌದೆಂದು ತಲೆಯಾಡಿಸಿದೆ.

"ಇವಳು ಹಟಮಾರಿ ಅಲ್ಲ ಕಣ್ರೀ," ಎಂದರು ಡಾಕ್ಟರು. "ಹಾಲಲ್ಲೇ ಹೊಟ್ಟೆ ತುಂಬಿಬಿಡುತ್ತೆ, ಊಟದ ಹೊತ್ತಿಗೆ ಹಸಿವೇ ಇರಲ್ಲ. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲ ಅಂತಲೇ ಅನ್ನಬೇಕು. ರಕ್ತ ಎಲ್ಲಿಂದ ಬರಬೇಕು? ಮಣ್ಣು, ಸುಣ್ಣ ಬಾಯಿಗೆ ಹೋಗೋದೂ ಅದಕ್ಕೇ." ಇನ್ನೊಂದು ಪ್ರಶ್ನೆ ಹಾಕಿದರು: "ನೀವು ಊಟ ಮಾಡೋದನ್ನ ಇವಳು ಯಾವತ್ತಾದ್ರೂ ನೋಡಿದ್ದಾಳಾ?"

ಅವಳಿಗೆ ಉಣಿಸಿ ಮಲಗಿಸಿದ ಮೇಲೆಯೇ ನಾವಿಬ್ಬರೂ ತಟ್ಟೆ ಹಾಕಿಕೊಳ್ಳುತ್ತಿದ್ದುದು.

ಅವರು ನಿಧಾನವಾಗಿ ತಿಳಿಸಿ ಹೇಳಿದರು. ಬಾಟಲಿ ಅವತ್ತಿನಿಂದಲೇ ಬಂದ್. ಬೆಳಿಗ್ಗೆ, ಸಂಜೆ ಲೋಟದಲ್ಲಿ ಸ್ವಲ್ಪ ಹಾಲು. ನೀರು ಬೇಕಾದಷ್ಟು. ಕಬ್ಬಿಣದ ಹನಿ ಔಷಧಿಯನ್ನು ಹಾಲಿನ ಜೊತೆ ಕೊಡದೆ ಮೋಸಂಬಿ ರಸದ ಜೊತೆ ಕೊಡಬೇಕು. ಬೇಳೆ, ಸೊಪ್ಪು, ರಾಗಿ ತಟ್ಟೆಯಲ್ಲಿಟ್ಟು ಅವಳ ಜೊತೆಗೇ ಕೂತು ಉಣ್ಣಬೇಕು. ಬೇಡವೆಂದರೆ ಒತ್ತಾಯಿಸದೆ ತಟ್ಟೆ ತೆಗೆದು, ಅದನ್ನೇ ಇನ್ನೊಂದು ದಿನ ಮತ್ತೆ ಇಡಬೇಕು. ಮೊಬೈಲ್ ಕೂಡದು. ನೀರೂ ಕುಡಿಯದೆ ಸಪ್ಪಗಾದರೆ ತಕ್ಷಣ ಕರೆದುಕೊಂಡು ಬರಬೇಕು. ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ.

ಕೇಳುವಾಗ ಸುಲಭವೆನಿಸಿದ್ದು ಸಂಜೆಗೆ ಕಷ್ಟವಾಯಿತು. ಚಿನ್ನು ಬಾಟಲಿಗಾಗಿ ಅಳತೊಡಗಿದಳು. ಮೊದಲು ಹಟದ ಅಳು, ಆಮೇಲೆ ಕಳೆದುಹೋದವಳಂತೆ ಬಿಕ್ಕುವ ಅಳು. ಅದೇ ಹೊತ್ತಿಗೆ ಲತಾ ಫೋನ್ ಮಾಡಿದಳು. ವಿಷಯ ತಿಳಿಸಿದೆ. ಅಳು ಕೇಳಿಸಿಕೊಂಡು, "ಇವತ್ತೊಂದು ಸಲ ಕೊಟ್ಬಿಡಿ ರೀ," ಎಂದಳು. ನಾನು ಅಡುಗೆಮನೆಗೆ ಹೋಗಿ ಬಾಟಲಿಗೆ ಕೈ ಹಾಕಿದೆ. ಅಲ್ಲಿ ರೊಟ್ಟಿ ತಟ್ಟುತ್ತಿದ್ದ ಅಕ್ಕ ತಿರುಗಿ ನೋಡಿದಳು.

"ಹೊಟ್ಟೆ ಸ್ವಲ್ಪ ಅಸ್ಕೊಳ್ಲಿ ಬುಡೋ," ಎಂದಳು. "ನಾನೇನು ಅವಳಿಗೆ ಆಗದವಳಾ?"

ಅವಳ ಕಣ್ಣೂ ತುಂಬಿತ್ತು. ಬಾಟಲಿಯನ್ನು ಅಲ್ಲೇ ಬಿಟ್ಟು ಲೋಟದಲ್ಲಿ ಹಾಲು ತಂದೆ. ಚಿನ್ನು ಅರ್ಧ ಚೆಲ್ಲಿ ಅರ್ಧ ಕುಡಿದು, ಅಕ್ಕನ ಹೆಗಲ ಮೇಲೆ ನಿದ್ದೆಹೋದಳು. ಲತಾಳಿಗೆ ಫೋನ್ ಮಾಡಿ, ಕೊಡಲಿಲ್ಲ ಎಂದೆ. ಅವಳು ಸರಿ ಎಂದಷ್ಟೇ ಹೇಳಿ ಇಟ್ಟಳು.

ಬೆಳಿಗ್ಗೆ ಎದ್ದವಳು ನೀರು, ಲೋಟದ ಹಾಲು ಕುಡಿದಳು. ರೊಟ್ಟಿಯ ಚೂರನ್ನು ತಿರುಗಿಸಿ ತಿರುಗಿಸಿ ನೋಡಿ ಇಟ್ಟಳು. ಒಂದೇ ಮನೆಯೊಳಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವುದು ಬೇಡ, ಬೆಟ್ಟಕ್ಕಾದರೂ ಹೋಗಿಬರೋಣ ಎಂದು ಅಕ್ಕ ಹೊರಡಿಸಿದಳು. ಸಿಟಿ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಿ ಚಾಮುಂಡಿ ಬೆಟ್ಟ ಹತ್ತಿದೆವು. ಬಸ್ಸು ತಿರುವುಗಳಲ್ಲಿ ವಾಲಿದಾಗ ಚಿನ್ನು ನಕ್ಕಳು. ಸಾಲಿನಲ್ಲಿ ನಿಂತು ದರ್ಶನ ಮುಗಿಸುವ ಹೊತ್ತಿಗೆ ನೆಲದ ಕಲ್ಲು ಕಾದು ಕಾಲು ಇಡಲಾಗುತ್ತಿರಲಿಲ್ಲ. ಊಟದ ಹೊತ್ತಾಗಿತ್ತು, ದಾಸೋಹ ಭವನಕ್ಕೆ ಹೋಗಿ ಕುಳಿತೆವು.

ಅಕ್ಕ ಮಗುವಿಗೂ ಒಂದು ತಟ್ಟೆ ಇಡಿಸಿದಳು. ಅನ್ನ, ಕುಂಬಳಕಾಯಿ ಹಾಕಿದ ಸಾಂಬಾರು, ಪಾಯಸ. ಮಗಳ ತಟ್ಟೆಯಲ್ಲಿ ಅಷ್ಟು ಕೆಂಪು ಕಂಡದ್ದೇ ತಡ, ಬೆಳಿಗ್ಗೆ ತುಂಬಿ ತಂದಿದ್ದ ಮೊಸರನ್ನದ ಡಬ್ಬಿಯ ಕಡೆ ನನ್ನ ಕೈ ತಾನಾಗಿ ಹೋಯಿತು. ತೆಗೆಯಲಿಲ್ಲ. ನನಗೂ ವಿಪರೀತ ಹಸಿವಾಗಿತ್ತು; ಹಿಂದಿನ ರಾತ್ರಿ ಊಟ ಸೇರಿರಲಿಲ್ಲ. ಕಲಸಿ ತಿನ್ನತೊಡಗಿದೆ.

ಚಿನ್ನು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿದಳು. ತನ್ನ ತಟ್ಟೆಗಲ್ಲ, ನನ್ನದಕ್ಕೆ. ಕುಂಬಳಕಾಯಿಯ ಹೋಳೊಂದನ್ನು ಎತ್ತಿ ಬಾಯಿಗಿಟ್ಟು, ತೆಗೆದು ನೋಡಿ, ಮತ್ತೆ ಇಟ್ಟುಕೊಂಡಳು. ನಾನು ತಲೆ ಎತ್ತಲಿಲ್ಲ. ಮೊಬೈಲ್ ತೆಗೆದು ಲತಾಳಿಗೆ ತೋರಿಸಲು ಒಂದು ವಿಡಿಯೋ ಮಾಡಿಕೊಳ್ಳಬೇಕೆಂದು ಜೀವ ಹಾತೊರೆಯಿತು. ಅದನ್ನೂ ಮಾಡಲಿಲ್ಲ. ತಟ್ಟೆ ಖಾಲಿಯಾದೀತೆಂದು ನಿಧಾನವಾಗಿ ಉಣ್ಣುತ್ತ ಹೋದೆ. ಅಕ್ಕ ಪಕ್ಕದವರ ಜೊತೆ, ಅವರು ಯಾವೂರಿನವರು, ಮಳೆ ಹೇಗೆ ಎಂದೆಲ್ಲ ಮಾತಿಗಿಳಿದಳು. ಚಿನ್ನು ಸಾಂಬಾರಿನ ಅನ್ನವನ್ನು ಬೆರಳ ತುದಿಯಲ್ಲಿ ಕೆಲವು ಸಲ ತಿಂದು, ಖಾರಕ್ಕೆ ನಾಲಿಗೆ ಹೊರಚಾಚಿ, ಸಾಕೆಂದು ಎದ್ದಳು. ಒಟ್ಟು ಸೇರಿದರೆ ಒಂದು ಹಿಡಿಯೂ ಇರಲಿಲ್ಲ.

ಹೊರಗೆ ಮರದ ನೆರಳಲ್ಲಿ ಕುಳಿತೆವು. ಕೆಳಗೆ ಊರು ಬಿಸಿಲ ಝಳದಲ್ಲಿ ಮಸುಕಾಗಿತ್ತು. ಎರಡು ವರ್ಷದಿಂದ ನಾನು ಮಗಳ ಬಾಯಿಯನ್ನು ಮಾತ್ರ ನೋಡುತ್ತ ಕೂತಿದ್ದೆ. ಅವಳೂ ನೋಡುವವಳೇ, ಅವಳಿಗೂ ನೋಡಲು ಏನಾದರೂ ಬೇಕು ಎಂದು ತೋಚಿರಲಿಲ್ಲ. ಇಬ್ಬರು ದೊಡ್ಡವರು ಆತಂಕದಿಂದ ದಿಟ್ಟಿಸುತ್ತಿರುವಾಗ ಯಾರಿಗಾದರೂ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ?

ಮರುದಿನ ಏನೂ ಸಲೀಸಾಗಲಿಲ್ಲ. ಅಕ್ಕ ಮಾಡಿದ ಸೊಪ್ಪಿನ ಸಾರನ್ನು ಚಿನ್ನು ತಟ್ಟೆ ಸಮೇತ ನೂಕಿದಳು. ಅಕ್ಕ ನೆಲ ಒರೆಸಿ, ನಾಳೆ ನಿಮ್ಮ ಮನೆಯಲ್ಲಿ ಮತ್ತೆ ಇಟ್ಟರಾಯಿತು ಎಂದಳು. ಮಧ್ಯಾಹ್ನದ ರೈಲಿಗೆ ಹೊರಟೆವು. ದಾರಿಯಲ್ಲಿ ನಾನು ಬಾಳೆಹಣ್ಣು ಸುಲಿದು ತಿನ್ನುವಾಗ ತುದಿ ಕಚ್ಚಿ ಕಿಟಕಿಯ ಕಡೆ ತಿರುಗಿಕೊಂಡಳು. ಹಾಸನ ದಾಟಿದ ಮೇಲೆ ನಿದ್ದೆ ಮಾಡಿದಳು.

ಅರಸೀಕೆರೆಯ ಪ್ಲಾಟ್‌ಫಾರಂನಲ್ಲಿ ಲತಾ ಕಾಯುತ್ತಿದ್ದಳು. ಮಗಳನ್ನು ಎತ್ತಿಕೊಂಡು ಮುಖ, ಕೈ ಎಲ್ಲ ಸವರಿದಳು. ಏನು ತಿಂದಳೆಂದು ಅವಳು ಕೇಳುವ ಮೊದಲೇ ಚಿನ್ನು ಅವಳ ಕೆನ್ನೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅಮ್ಮಾ, ಹಸಿವು."

ಆ ಮಾತನ್ನು ಅವಳ ಬಾಯಲ್ಲಿ ನಾವಿಬ್ಬರೂ ಅದುವರೆಗೆ ಕೇಳಿರಲಿಲ್ಲ. ಲತಾ ನನ್ನನ್ನು ನೋಡಿದಳು. ನಾನು ಹೇಳಿಕೊಟ್ಟದ್ದಲ್ಲ ಎಂದು ತಲೆಯಾಡಿಸಿದೆ. ಅವಳು ಮಗಳನ್ನು ಇನ್ನಷ್ಟು ಬಿಗಿಯಾಗಿ ಎತ್ತಿಕೊಂಡು ಮೆಟ್ಟಿಲ ಕಡೆ ನಡೆಯುತ್ತ ಹೇಳಿದಳು:

"ನಂಗೂ ಹಸಿವಾಗಿದೆ ಕಂದಾ. ನಡಿ, ಎಲ್ರೂ ಊಟ ಮಾಡೋಣ."